ರಣಜಿ ಇಲ್ಲದ ವರ್ಷ

ಕೊರೊನಾ ಕಾಲದಲ್ಲಿ ತೊರವಿಯ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಮೊಬೈಲ್. ಆನ್‌ಲೈನ್ ಪಾಠ ಮುಗಿದ ಮೇಲೆ ಅದರಲ್ಲಿ ಕರ್ನಾಟಕ ತಂಡದ ಸ್ಕೋರ್ ನೋಡುತ್ತಿದ್ದೆ. 2021ರ ವಿಜಯ್ ಹಜಾರೆ ಟ್ರೋಫಿಯಲ್ಲಿ ದೇವದತ್ತ ಪಡಿಕ್ಕಲ್ ಸತತ 4 ಶತಕ ಹೊಡೆದರು. ಕ್ವಾರ್ಟರ್ ಫೈನಲ್‌ನಲ್ಲಿ ಕೇರಳದ ವಿರುದ್ಧ ನಾಯಕ ಸಮರ್ಥ್ 192! ಸೆಮಿಫೈನಲ್‌ನಲ್ಲಿ ಮುಂಬೈಗೆ 72 ರನ್‌ಗಳಿಂದ ಸೋತ ದಿನ ನಾನು ಊಟ ಮಾಡಲಿಲ್ಲ. ಅಮ್ಮಿ ಬೈದರು.

ಆದರೆ ಆ ವರ್ಷ ರಣಜಿ ನಡೆಯಲೇ ಇಲ್ಲ. 1934ರಲ್ಲಿ ಶುರುವಾದ ಟೂರ್ನಿ ನಿಂತದ್ದು ಅದೇ ಮೊದಲು. ಇದನ್ನು ಹೇಳಿದಾಗ ಅಬ್ಬಾ ಕೇಳಿದ್ದು ಒಂದೇ ಮಾತು: "ಹಾಗಾದರೆ ಆಟಗಾರರ ಪಗಾರ?"

ಅಬ್ಬಾ ಟೈಲರ್. ಲಾಕ್‌ಡೌನ್ ತೆರೆದರೂ ಮದುವೆ ಬಟ್ಟೆ ಹೊಲಿಸುವವರು ಬಂದಿರಲಿಲ್ಲ.

ಹುಡುಕಿ ನೋಡಿದೆ. ದಿನಕ್ಕೆ 35,000 ರೂಪಾಯಿ, ಅದೂ ಪಂದ್ಯ ಆಡಿದರೆ. ಐಪಿಎಲ್ ಇದ್ದವರಿಗೆ ಚಿಂತೆಯಿಲ್ಲ. ರಣಜಿಯನ್ನೇ ನಂಬಿದವರು ಏನು ಮಾಡಬೇಕು? ಸೆಪ್ಟೆಂಬರ್‌ನಲ್ಲಿ ಬಿಸಿಸಿಐ ಪರಿಹಾರ ಘೋಷಿಸಿತು: 2019-20ರಲ್ಲಿ ಆಡಿದವರಿಗೆ ಪಂದ್ಯ ಶುಲ್ಕದ ಶೇ. 50.

"ಅರ್ಧವಾದರೂ ಸಿಕ್ಕಿತಲ್ಲ" ಎಂದು ಅಬ್ಬಾ ಮೆಷಿನ್‌ಗೆ ಎಣ್ಣೆ ಬಿಡತೊಡಗಿದರು.