ಒಂಬತ್ತು ಬಿತ್ತು, ಸತ್ತ

ಇಲ್ಲಿ ಬರೆಯದೆ ತುಂಬಾ ದಿನವಾಯ್ತು. ಕೆಲಸ, ರಿಲೀಸು ಅಂತ ಎಂದಿನ ನೆಪಗಳಿವೆ, ಬಿಡಿ. ಇವತ್ತು ಒಂದು ಆಟದ ಬಗ್ಗೆ ಬರೆಯಲೇಬೇಕು ಅನ್ನಿಸಿತು.

ಶನಿವಾರ ರಾತ್ರಿ ನಾವು ಐದು ಜನ ನನ್ನ ರೂಮಿನಲ್ಲಿ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಇದು ಕಂಪ್ಯೂಟರ್ ಆಟ ಅಲ್ಲ. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಮಾತಲ್ಲೇ ಕಥೆ ಕಟ್ಟುವ ಆಟ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ೧೯೭೪ರಲ್ಲಿ ಹೊರತಂದದ್ದು. ಏನಾದರೂ ಅನುಮಾನದ ಕೆಲಸ ಮಾಡಿದರೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಒಬ್ಬ ಸೂತ್ರಧಾರ ಇರುತ್ತಾನೆ. ನಮ್ಮ ಗುಂಪಿಗೆ ಅದು ನಾನೇ.

ಹಳೇ ಆವೃತ್ತಿಗಳಲ್ಲಿ ವಿಷ ಅಂದರೆ ವಿಷ. ಹಾವು ಕಚ್ಚಿತಾ, ದಾಳ ಹಾಕು. ಹೇಳಿದ ಸಂಖ್ಯೆ ಬಿದ್ದರೆ ಬದುಕಿದೆ, ಇಲ್ಲದಿದ್ದರೆ ಸತ್ತೆ. ೧೯೭೮ರಲ್ಲಿ ಅಚ್ಚಾದ ಗೈಗ್ಯಾಕ್ಸ್‌ನ 'ಟೂಂಬ್ ಆಫ್ ಹಾರರ್ಸ್'ನಲ್ಲಿ ಗೋಡೆಯ ಮೇಲೆ ಒಂದು ಹಸಿರು ರಾಕ್ಷಸನ ಮುಖ ಇದೆ. ಅದರ ಬಾಯೊಳಗೆ ತೂರಿದವನ ಕಥೆ ಅಲ್ಲಿಗೇ ಮುಗೀತು, ದಾಳ ಕೂಡ ಇಲ್ಲ! ೨೦೧೪ರ ಐದನೇ ಆವೃತ್ತಿ ಎಷ್ಟೋ ಮೆದು. ಪ್ರಾಣದ ಅಂಕ ಸೊನ್ನೆಗಿಳಿದರೂ ಸಾಮಾನ್ಯವಾಗಿ ತಕ್ಷಣ ಸಾಯುವುದಿಲ್ಲ, ಸರದಿಗೊಮ್ಮೆ ದಾಳ ಹಾಕಬೇಕು, ಮೂರು ಸಲ ಸೋತರೆ ಮಾತ್ರ ಸಾವು. ನಾನು ಮಾತ್ರ 'ಹಳೇದೇ ಮಜಾ' ಅಂತ ಹಳೇ ನಿಯಮ ಇಟ್ಟುಕೊಂಡಿದ್ದೆ.

ಆ ರಾತ್ರಿ ಪಾಳುಗುಡಿಯೊಂದರ ಪೆಟ್ಟಿಗೆಗೆ ಗೆಳೆಯನೊಬ್ಬನ ಯೋಧ ಕೈ ಹಾಕಿದ. ಒಳಗೆ ಹಾವು. ಐದು ತಿಂಗಳಿಂದ ಆಡಿ ಬೆಳೆಸಿದ ಪಾತ್ರ. ಹತ್ತು ಅಥವಾ ಹೆಚ್ಚು ಬೀಳಬೇಕಿತ್ತು, ಅಂದರೆ ನೂರಕ್ಕೆ ಐವತ್ತೈದು ಪಾಲು ಬದುಕು. ಬಿದ್ದದ್ದು ಒಂಬತ್ತು.

"ಆಯ್ತು, ಸತ್ತ. ಮುಂದೆ ಯಾರ ಸರದಿ?" ಅಂದೆ ನಾನು.

ಅವನು ನಕ್ಕ. ನಿದ್ದೆ ಬರ್ತಿದೆ ಅಂತ ಹಾಳೆ ಮಡಚಿಕೊಂಡು ಹೊರಟ. ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನದ್ದೂ ಇಲ್ಲ. ಹೋದ ವರ್ಷ ಅವನ ಅಪ್ಪ ಹೃದಯಾಘಾತದಿಂದ ಹೋದದ್ದು, ಫೋನ್ ಬರುವಷ್ಟರಲ್ಲಿ ಎಲ್ಲ ಮುಗಿದಿದ್ದದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೊಳೆಯಲಿಲ್ಲ.

ಆ ವಾರ ಊರಿಗೆ, ತೆರಕಣಾಂಬಿಗೆ ಹೋಗಿದ್ದೆ. ಮಧ್ಯಾಹ್ನ ಜಗಲಿ ಮೇಲೆ ಅಜ್ಜಿ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದರು. ಐದೈದು ಇಪ್ಪತ್ತೈದು. ನನಗೆ ಹುಣಸೆ ಬೀಜ, ಅವರಿಗೆ ಬಳೆಚೂರು. ನಾಲ್ಕು ಕವಡೆ. ನನ್ನ ಕಾಯಿ ಅವರ ಕಾಯಿಗಿಂತ ಮೂರು ಮನೆ ಮುಂದಿತ್ತು. ಅವರಿಗೆ ಮೂರೇ ಬಿತ್ತು, ಕಡಿದರು. ಹಣ್ಣಾಗಲು ಹತ್ತಿರವಿದ್ದ ಕಾಯಿ ಮತ್ತೆ ಮೊದಲಿನ ಮನೆಗೆ. ನಾನು ಮುಖ ಸಿಂಡರಿಸಿದೆ.

"ಅಲ್ಲಿ ಮಡಗ್ದವ್ನು ನೀನೇ ಅಲ್ವಾ ಕೂಸೇ?" ಅಂದರು ಅಜ್ಜಿ.

ಹೌದಲ್ಲ! ಕತ್ತರಿ ಗೀಟಿನ ಮನೆಯಲ್ಲಿ ನಿಂತಿದ್ದರೆ ಯಾರೂ ಕಡಿಯುವಂತಿರಲಿಲ್ಲ. ಅಜ್ಜಿಯ ಕಾಯಿ ಹಿಂದೆಯೇ ಇರುವುದು ಕಾಣುತ್ತಿತ್ತು. ಕಂಡೂ ಮುಂದೆ ಹೋದವನು ನಾನು. ನನ್ನ ಗೆಳೆಯನಿಗೆ ಹಾಗೇನೂ ಕಂಡಿರಲಿಲ್ಲ. ಪೆಟ್ಟಿಗೆ ಪಕ್ಕ ಹಾವಿನ ಪೊರೆ ಬಿದ್ದಿದೆ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು, ಆಮೇಲೆ ಕೈ ಹಾಕುವುದು ಬಿಡುವುದು ಅವನಿಷ್ಟ. ಕ್ಷಣದಲ್ಲಿ ಕೊಲ್ಲುವ ನಿಯಮ ಕೆಟ್ಟದ್ದಲ್ಲ, ಸುಳಿವೇ ಕೊಡದೆ ಕೊಲ್ಲುವುದು ಕೆಟ್ಟದ್ದು ಅನ್ನಿಸಿತು. ದಾಳದ್ದೇನೂ ತಪ್ಪಿಲ್ಲ, ತಪ್ಪು ಸೂತ್ರಧಾರನದ್ದು.

ಸಂಜೆ ಅವನಿಗೆ ಫೋನ್ ಮಾಡಿ ಇದನ್ನೆಲ್ಲ ಒದರಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಹಾವಿನ ಮೇಲೆ ಬೇಜಾರಿಲ್ಲ ಕಣೋ. ಸುಳಿವು ಕೊಟ್ಟು ಯಾವ ಸಾವು ಬರುತ್ತೆ? ನೀನು ತಕ್ಷಣ 'ಮುಂದೆ ಯಾರ ಸರದಿ' ಅಂದ್ಯಲ್ಲ, ಅದು..." ಅಂದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಜಗಲಿ ಮೇಲೆ ಕೂತು ಹುಲುಗನಮುರಡಿ ಬೆಟ್ಟದ ಕಡೆ ನೋಡುತ್ತಾ ಸುಮ್ಮನೆ ಫೋನ್ ಹಿಡಿದುಕೊಂಡಿದ್ದೆ.

ಕಳೆದ ಶನಿವಾರ ಅವನು ಬಂದ. ಮೊದಲ ಅರ್ಧ ಗಂಟೆ ದಾಳ ಮುಟ್ಟಲಿಲ್ಲ. ಉಳಿದ ಪಾತ್ರಗಳು ಆ ಯೋಧನನ್ನು ಗುಡಿಯ ಹಿಂದೆ ಮಣ್ಣು ಮಾಡಿದವು. ಅವನು ಯಾರನ್ನು ಕಾಪಾಡಿದ್ದ, ಯಾರಿಗೆ ಸಾಲ ಬಾಕಿ ಇತ್ತು ಅಂತ ಒಬ್ಬೊಬ್ಬರೂ ಒಂದೊಂದು ಮಾತು ಹೇಳಿದೆವು. ಸಾಲದ ಮಾತಿಗೆ ಎಲ್ಲರೂ ನಕ್ಕೆವು, ಅವನೂ ನಕ್ಕ. ಆಮೇಲೆ ಹೊಸ ಪಾತ್ರದ ಹಾಳೆ ತೆಗೆದ.

ಹಳೇ ನಿಯಮ ಹಾಗೇ ಇದೆ, ಹಾವುಗಳೂ ಇವೆ. ಆದರೆ ಈಗ ಪಕ್ಕದಲ್ಲಿ ಪೊರೆ ಬಿದ್ದಿರುತ್ತದೆ. ಯಾರಾದರೂ ಸತ್ತರೆ ಸರದಿ ಸ್ವಲ್ಪ ಕಾಯುತ್ತದೆ.

ಚೌಕಾಬಾರದಲ್ಲಿ ಮಾತ್ರ ಅಜ್ಜಿಯನ್ನು ಇನ್ನೂ ಒಂದು ಸಲವೂ ಸೋಲಿಸಿಲ್ಲ :-)