1.3.6.1ರ ದಾರಿಯಲ್ಲಿ

ಈ ದಾರಿಯ ಮೊದಲ ಹೆಜ್ಜೆ ಒಂದು. ಆಮೇಲೆ ಮೂರು, ಆಮೇಲೆ ಆರು, ಮತ್ತೆ ಒಂದು. ದಾರಿಯುದ್ದಕ್ಕೂ ಊರ ಹೆಸರಿನ ಬೋರ್ಡಿಲ್ಲ, ಬರೀ ಅಂಕಿ. ನಾವು ಹೊರಟಿದ್ದು ಮಲೆನಾಡಿನ ಒಂದು ಕಾಲೇಜಿನ ಸರ್ವರ್ ಕೋಣೆಯಿಂದ. ಅಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವನು ನನ್ನ ಅಕ್ಕನ ಮಗ. ಊರೂರು ಅಲೆಯುವ ನನ್ನ ಹುಚ್ಚು ಬಲ್ಲವನು. "ಬನ್ನಿ ಮಾವ, ಒಂದು ಕಡೆ ಸುತ್ತಾಡಿಸ್ಕೊಂಡು ಬರ್ತೀನಿ. ಕುರ್ಚಿ ಬಿಟ್ಟು ಏಳೋದೂ ಬೇಡ" ಎಂದು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದ. ಅದರಲ್ಲಿ ಪುಟ ತುಂಬದಷ್ಟು ಸಣ್ಣದೊಂದು ಪೈಥಾನ್ ಸ್ಕ್ರಿಪ್ಟ್ ಇತ್ತು.

ಸ್ವಿಚ್, ರೂಟರ್, ಯುಪಿಎಸ್, ಪ್ರಿಂಟರ್ ಹೀಗೆ ನೆಟ್‌ವರ್ಕಿಗೆ ಸಿಕ್ಕಿಸಿದ ಪೆಟ್ಟಿಗೆಗಳನ್ನು ದೂರದಿಂದಲೇ ಮಾತಾಡಿಸಲು ಎಸ್‌ಎನ್‌ಎಂಪಿ ಎಂಬ ಪ್ರೋಟೊಕಾಲ್ ಇದೆ. ಜೆಫ್ ಕೇಸ್ ಮತ್ತು ಮೂವರು ಸಂಗಡಿಗರು 1988ರಲ್ಲಿ ಬರೆದದ್ದು. ಆಗ ಅದು ತಾತ್ಕಾಲಿಕ ಏರ್ಪಾಡು. ಅಂತರರಾಷ್ಟ್ರೀಯ ಮಾನಕದ ಭಾರೀ ವ್ಯವಸ್ಥೆಯೊಂದು ಸಿದ್ಧವಾದ ಮೇಲೆ ಇದನ್ನು ಬಿಟ್ಟುಬಿಡುವುದೆಂದು ಇಂಟರ್ನೆಟ್ಟಿನ ಹಿರಿಯರು ತೀರ್ಮಾನಿಸಿದ್ದರು. ಆ ಭಾರೀ ವ್ಯವಸ್ಥೆ ಇಂಟರ್ನೆಟ್ಟಿನಲ್ಲಿ ಬೇರು ಬಿಡಲೇ ಇಲ್ಲ. ಸದ್ಯಕ್ಕಿರಲಿ ಎಂದದ್ದು ಮೂರೂವರೆ ದಶಕ ದಾಟಿ ಇನ್ನೂ ದುಡಿಯುತ್ತಿದೆ.

ಪೆಟ್ಟಿಗೆಯನ್ನು ಏನು ಕೇಳಬೇಕಾದರೂ ಅದಕ್ಕೊಂದು ಅಂಕಿಯ ವಿಳಾಸವಿದೆ, ಎಲ್ಲ ವಿಳಾಸಗಳೂ ಒಂದೇ ಮರದ ಮೇಲಿವೆ. ಬುಡದಲ್ಲಿ ಮೂರೇ ಕೊಂಬೆ: ಸೊನ್ನೆ, ಒಂದು, ಎರಡು. ಎರಡರ ಕೊಂಬೆ ಹಿಡಿದು 2.16.356ಕ್ಕೆ ಹೋದರೆ ಭಾರತ ಸಿಗುತ್ತದೆ. ನಮ್ಮ ದೇಶದ ಡಿಜಿಟಲ್ ಸಹಿಗಳ ವಿಳಾಸ ಅಲ್ಲಿದೆ. ನಾವು ಹಿಡಿದದ್ದು ಒಂದರ ಕೊಂಬೆ, ಅಂದರೆ ಐಎಸ್‌ಒ ಸಂಸ್ಥೆಯದು. ಅದರಲ್ಲಿ ಮೂರು, ಗುರುತಿಸಿದ ಸಂಸ್ಥೆಗಳಿಗೆ ಮೀಸಲು. ಅದರೊಳಗೆ ಆರು, ಅಮೆರಿಕದ ರಕ್ಷಣಾ ಇಲಾಖೆ. ಆ ಇಲಾಖೆಯ ಮೊದಲ ಕೋಣೆಯೇ ಇಂಟರ್ನೆಟ್.

ಈ ಕೋಣೆಯ ಕಥೆ ಕೇಳಿ ನಾನು ಅಲ್ಲೇ ಸ್ವಲ್ಪ ಹೊತ್ತು ನಿಂತೆ. ತನ್ನ ಕೊಂಬೆಯನ್ನು ಹೇಗೆ ಹಂಚುತ್ತೇನೆಂದು ರಕ್ಷಣಾ ಇಲಾಖೆ ಆಗ ಹೇಳಿರಲಿಲ್ಲ. ಈ ವಿಳಾಸಗಳ ನಿಯಮದ ದಸ್ತಾವೇಜು ಬರೆದವರು, ಇಲಾಖೆ ನಮಗೊಂದು ಜಾಗ ಕೊಡುತ್ತದೆಂದು ಭಾವಿಸಿದ್ದೇವೆ ಎಂದು ಬರೆದು, ಒಂದನೇ ನಂಬರನ್ನು ತಾವೇ ಹಾಕಿಕೊಂಡು ಮುಂದೆ ಹೋದರು. ಇವತ್ತು ಸ್ವಿಚ್ಚಿನ ಪೋರ್ಟು, ಪ್ರಿಂಟರಿನ ಮಸಿ, ಯುಪಿಎಸ್ಸಿನ ಬ್ಯಾಟರಿ ಎಲ್ಲವನ್ನೂ ಕೇಳಲು ಹೋಗುವ ಪ್ರಶ್ನೆಗಳು ಹಾದುಹೋಗುವುದು ಹಾಗೆ ಭಾವಿಸಿಕೊಂಡ ಆ ಕೋಣೆಯಿಂದಲೇ. ಖಾತೆ ಆಗದ ಜಾಗದಲ್ಲಿ ಇಷ್ಟು ದೊಡ್ಡ ಊರು ಎದ್ದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಲ್ಲಿಂದ 2.1ಕ್ಕೆ ಇಳಿದರೆ ಯಂತ್ರಗಳ ಸೀಮೆ. 1991ರಲ್ಲಿ ಈ ಸೀಮೆಗೆ ವಿವರವಾದ ನಕ್ಷೆ ಬಂತು, ಆದರೆ ನಮ್ಮ ಸ್ಕ್ರಿಪ್ಟಿಗೆ ಅದು ಬೇಕಿರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಒಂದೇ ಪ್ರಶ್ನೆ: ಇದರ ಮುಂದಿನದು ಯಾವುದು? ಗೊತ್ತಿಲ್ಲದ ಹಳ್ಳಿಯ ಕಡೆ ಬಸ್ಸಿಳಿದು ಹೊರಟವನು ಸಿಕ್ಕವರನ್ನೆಲ್ಲ "ಮುಂದೆ ಯಾವೂರು?" ಎಂದು ಕೇಳುತ್ತಲೇ ಜಿಲ್ಲೆ ದಾಟುವ ಹಾಗೆ. ಯಾವುದಾದರೂ ಅಂಕಿ ಕೊಟ್ಟರೆ ಸಾಕು, ಅದು ಇಲ್ಲದ ವಿಳಾಸವೇ ಆಗಿರಲಿ, ಪೆಟ್ಟಿಗೆ ಅದರ ಮುಂದಿರುವ ನಿಜವಾದ ವಿಳಾಸವನ್ನೂ ಅಲ್ಲಿನ ಬೆಲೆಯನ್ನೂ ಹೇಳುತ್ತದೆ. ಸಿಕ್ಕ ವಿಳಾಸವನ್ನೇ ಹಿಡಿದು ಮತ್ತೆ ಅದೇ ಪ್ರಶ್ನೆ. ಇದಕ್ಕೆ ಬಳಸುವ ಆಜ್ಞೆಯ ಹೆಸರೇ ವಾಕ್, ನಡಿಗೆ.

ಮೊದಲು ಸಿಕ್ಕದ್ದು ಸ್ವಿಚ್ಚಿನ ಸ್ವಪರಿಚಯ: ತಾನು ಯಾವ ಮಾದರಿ, ಯಾವ ಸಾಫ್ಟ್‌ವೇರು. ಅದಾದ ಮೇಲೆ ಎಷ್ಟು ಹೊತ್ತಿನಿಂದ ಎಚ್ಚರವಿದ್ದೇನೆ ಎಂಬ ಲೆಕ್ಕ, ಸೆಕೆಂಡಿನ ನೂರರಲ್ಲೊಂದು ಪಾಲಿನಲ್ಲಿ. ನಾವು ಮಾತಾಡಿಸಿದ ಸ್ವಿಚ್ಚು ಎದ್ದು ಎರಡು ವಾರವೂ ಆಗಿಲ್ಲ ಎಂದಿತು. "ಮೊನ್ನೆ ಕರೆಂಟ್ ಹೋಗಿತ್ತೇನೋ?" ಎಂದೆ. "ಇಲ್ಲ ಮಾವ, ಅದು ಮಲಗೇ ಇಲ್ಲ. ಎಣಿಕೆ ಮುಗಿದು ಮತ್ತೆ ಸೊನ್ನೆಯಿಂದ ಶುರು ಮಾಡಿದೆ." 32 ಬಿಟ್‌ನ ಡಬ್ಬಿಯಲ್ಲಿ ನೂರರಲ್ಲೊಂದು ಸೆಕೆಂಡುಗಳನ್ನು ತುಂಬುತ್ತಾ ಹೋದರೆ 497 ದಿನಕ್ಕೆ ಡಬ್ಬಿ ತುಂಬುತ್ತದೆ. ಒಂದೂಕಾಲು ವರ್ಷ ದಾಟಿ ಕಣ್ಣು ಮುಚ್ಚದೆ ಕೂತ ಯಂತ್ರ ತನ್ನ ವಯಸ್ಸನ್ನೇ ಮರೆತಿತ್ತು.

ಮುಂದೆ ಪೋರ್ಟುಗಳ ಪ್ರದೇಶ. ಇಲ್ಲಿ ನಡಿಗೆಯ ರೀತಿ ವಿಚಿತ್ರ. ಒಂದೊಂದು ಪೋರ್ಟಿನ ವಿವರ ಪೂರ್ತಿ ನೋಡಿ ಮುಂದಿನದಕ್ಕೆ ಹೋಗುವಂತಿಲ್ಲ; ಮೊದಲು 24 ಪೋರ್ಟುಗಳ ಕ್ರಮಸಂಖ್ಯೆ, ಆಮೇಲೆ 24ರ ಹೆಸರು, ಆಮೇಲೆ 24ರ ಗರಿಷ್ಠ ವೇಗ. ನನಗೆ ತಾಳ್ಮೆ ತಪ್ಪುತ್ತಿತ್ತು. ಆದರೆ ಹತ್ತನೆಯ ಕಂಬಸಾಲಿಗೆ ಬಂದಾಗ ನಿದ್ದೆ ಹಾರಿಹೋಯಿತು. ಅಲ್ಲಿರುವುದು ಪ್ರತಿ ಪೋರ್ಟಿನೊಳಗೆ ಈವರೆಗೆ ಬಂದ ಬೈಟುಗಳ ಒಟ್ಟು ಎಣಿಕೆ. ಈಗ ಎಷ್ಟು ವೇಗದಲ್ಲಿ ಹರಿಯುತ್ತಿದೆ ಎಂದು ಈ ಸಾಲು ಹೇಳುವುದಿಲ್ಲ. ಈಗೊಮ್ಮೆ ಕೇಳಿ, ಐದು ನಿಮಿಷ ಬಿಟ್ಟು ಮತ್ತೊಮ್ಮೆ ಕೇಳಿ, ಕಳೆದು, ಎಂಟರಿಂದ ಗುಣಿಸಿ, 300ರಿಂದ ಭಾಗಿಸಬೇಕು. ಬಿಟ್‌ಗಳ ವೇಗ ಹುಟ್ಟುವುದು ಆ ಕಳೆಯುವ ಸಾಲಿನಲ್ಲಿ, ನಮ್ಮ ಸ್ಕ್ರಿಪ್ಟಿನೊಳಗೆ.

ಈ ಕಳೆಯುವ ಲೆಕ್ಕಕ್ಕೆ ಹೆಸರು ತಂದುಕೊಟ್ಟದ್ದು ಇಂಗ್ಲೆಂಡಿನ ಲೆಸ್ಟರ್ ಊರು. ಅಲ್ಲಿನ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯದಲ್ಲಿದ್ದ ಟೋಬಿಯಾಸ್ ಓಟಿಕರ್‌ಗೆ ಹೊರಜಗತ್ತಿಗಿದ್ದ ಕೊಂಡಿ 64 ಕಿಲೋಬಿಟ್‌ನ ಒಂದೇ ಲೈನು. ಅದು ಎಷ್ಟು ತುಂಬಿದೆ ಎಂದು ಎಲ್ಲರಿಗೂ ಕುತೂಹಲ. ಆತ ಪರ್ಲ್‌ನಲ್ಲಿ ಒಂದು ಸ್ಕ್ರಿಪ್ಟ್ ಬರೆದು, ರೂಟರನ್ನು ಆಗಾಗ ಕೇಳಿ, ಉತ್ತರವನ್ನು ಚಿತ್ರ ಮಾಡಿ ವೆಬ್ ಪುಟಕ್ಕೆ ಹಾಕಿದ. ಒಳಬರುವುದು ಹಸಿರು ಗುಡ್ಡ, ಹೊರಹೋಗುವುದು ನೀಲಿ ಗೆರೆ. 1995ರಲ್ಲಿ ಅದನ್ನು ಎಂಆರ್‌ಟಿಜಿ ಎಂಬ ಹೆಸರಲ್ಲಿ ಜಗತ್ತಿಗೆ ಬಿಟ್ಟುಕೊಟ್ಟ. ಸೈಮನ್ ಲೈನನ್ ಎಂಬವರು ಎಸ್‌ಎನ್‌ಎಂಪಿ ಮಾತನ್ನು ಪೂರ್ತಿ ಪರ್ಲ್‌ನಲ್ಲೇ ಬರೆದು ಕೈಜೋಡಿಸಿದರು. ಆ ಹಸಿರು ಗುಡ್ಡಗಳನ್ನು ನೋಡದೆ ಬೆಳೆದ ನೆಟ್‌ವರ್ಕ್ ಎಂಜಿನಿಯರ್ ನನ್ನ ತಲೆಮಾರಿನಲ್ಲಿ ಸಿಗುವುದು ಅಪರೂಪ.

ಆದರೆ ಲೈನುಗಳು ದಪ್ಪವಾದವು. ಗಿಗಾಬಿಟ್ ಪೋರ್ಟು ತುಂಬಿ ಹರಿದರೆ 32 ಬಿಟ್‌ನ ಎಣಿಕೆ 34 ಸೆಕೆಂಡಿನಲ್ಲೇ ಸುತ್ತು ಹೊಡೆಯುತ್ತದೆ. ಐದು ನಿಮಿಷಕ್ಕೊಮ್ಮೆ ಬರುವವನಿಗೆ ಎಷ್ಟು ಸುತ್ತಾಯಿತೆಂದೇ ತಿಳಿಯದು. ಅದಕ್ಕೆಂದು 31ನೇ ಕೊಂಬೆಯಲ್ಲಿ 64 ಬಿಟ್‌ನ ಎಣಿಕೆ ಇಟ್ಟಿದ್ದಾರೆ. ಅದೇ ಪೋರ್ಟು ಅದೇ ರಭಸದಲ್ಲಿ ಹರಿದರೂ ಇದು ತುಂಬಲು 4,600 ವರ್ಷಕ್ಕೂ ಹೆಚ್ಚು ಬೇಕು. ಹರಪ್ಪದ ಕಾಲದಲ್ಲಿ ಎಣಿಸಲು ಕೂತಿದ್ದರೆ ಈಗ ಮುಗಿಯುತ್ತಿತ್ತು.

ಒಂದೇ ಪೆಟ್ಟಿಗೆಯಲ್ಲಿ ಎಷ್ಟೆಂದು ತಿರುಗುವುದು? ಅಳಿಯ ಸ್ಕ್ರಿಪ್ಟನ್ನು 1.0.8802ರ ಕಡೆ ತಿರುಗಿಸಿದ. ಇದು ಇಂಟರ್ನೆಟ್ ಕೋಣೆಯ ಹೊರಗಿನ ಕೊಂಬೆ. ಇಲ್ಲಿ ಪ್ರತಿ ಸ್ವಿಚ್ಚೂ ತನ್ನ ಪಕ್ಕದವರು ಯಾರು, ಯಾವ ಪೋರ್ಟಿಗೆ ಯಾರ ತಂತಿ ಬಂದಿದೆ ಎಂದು ಬರೆದಿಟ್ಟಿರುತ್ತದೆ. ಹೋಗಬೇಕಾದವರದೊಂದು ಪಟ್ಟಿ, ಹೋಗಿ ಬಂದವರದೊಂದು ಪಟ್ಟಿ, ಇಷ್ಟೇ ಸ್ಕ್ರಿಪ್ಟಿನ ಬುತ್ತಿ. ಎರಡನೆಯ ಪಟ್ಟಿ ಇಲ್ಲದಿದ್ದರೆ ಎರಡು ಸ್ವಿಚ್ಚುಗಳ ನಡುವೆಯೇ ಅತ್ತಿತ್ತ ತಿರುಗುತ್ತಾ ಆಯುಸ್ಸು ಕಳೆಯಬೇಕಾದೀತು. ಓಡಿಸಿದ. ಗ್ರಂಥಾಲಯ, ಅಲ್ಲಿಂದ ರಸಾಯನಶಾಸ್ತ್ರ ವಿಭಾಗ, ಅಲ್ಲಿಂದ ಹುಡುಗಿಯರ ಹಾಸ್ಟೆಲ್. ಇಡೀ ಗುಡ್ಡದ ಕಾಲೇಜು ಕ್ಷಣಾರ್ಧದಲ್ಲಿ ಸಾಲುಸಾಲಾಗಿ ಕೆಳಗಿಳಿಯಿತು. ಪ್ರತಿಯೊಬ್ಬರೂ ತಾವೆಲ್ಲಿದ್ದೇವೆಂದು ಹೇಳಿದರು. ಆ ಜಾಗದಲ್ಲಿ ಕನ್ನಡ ಲಿಪಿ ಕೂರುವುದಿಲ್ಲ, ಹಾಗಾಗಿ ಇಂಗ್ಲಿಷ್ ಅಕ್ಷರದ ಕನ್ನಡ: ಮೆಟ್ಟಿಲ ಕೆಳಗೆ, ಬೀರು ಹಿಂದೆ, ಹಳೆ ಅಡುಗೆಮನೆ.

ಹಾಸ್ಟೆಲ್ ಸ್ವಿಚ್ಚನ್ನು ಫೈಬರಿನ ತುದಿಯಲ್ಲಿ ಬೀಳುವ ಬೆಳಕೆಷ್ಟು ಎಂದು ಕೇಳಿದ. ಮೈನಸ್ 18 ಡಿಬಿಎಂ ಎಂದಿತು, ಅಂದರೆ ಸುಮಾರು 16 ಮೈಕ್ರೋವಾಟ್. ಅಷ್ಟು ಕ್ಷೀಣ ಬೆಳಕಿನಲ್ಲಿ ಇಡೀ ಹಾಸ್ಟೆಲ್ಲಿನ ಸಿನಿಮಾ, ಪಾಠ, ಜಗಳ ಎಲ್ಲ ಇಳಿದು ಬರುತ್ತಿತ್ತು! ಯುಪಿಎಸ್, ಬರುವ ಕರೆಂಟು ಎಷ್ಟು ಸಲ ಹದಗೆಟ್ಟಿದೆ ಎಂಬ ಎಣಿಕೆಯನ್ನೇ ಒಪ್ಪಿಸಿತು. ಮಲೆನಾಡಿನಲ್ಲಿ ಆ ಅಂಕಿ ಎಷ್ಟಿರಬಹುದೆಂದು ಹೇಳಬೇಕಿಲ್ಲ. ಆಫೀಸಿನ ಪ್ರಿಂಟರಿಗೆ ಮಸಿ ಎಷ್ಟಿದೆ ಎಂದರೆ ಮೈನಸ್ ಮೂರು ಎಂದಿತು. ತಪ್ಪಲ್ಲ, ಏನೋ ಸ್ವಲ್ಪ ಇದೆ, ಎಷ್ಟೆಂದು ಕೇಳಬೇಡಿ ಎನ್ನುವುದಕ್ಕೆ ಪ್ರಿಂಟರುಗಳ ನಿಯಮಾವಳಿಯಲ್ಲಿ ನಿಗದಿಯಾದ ಉತ್ತರ ಅದು.

ಕೇಳುವುದಷ್ಟೇ ಅಲ್ಲ, ಇದರಲ್ಲಿ ಹೇಳಿ ಮಾಡಿಸುವುದೂ ಉಂಟು. 1990ರ ಇಂಟರಾಪ್ ಮೇಳದಲ್ಲಿ ಜಾನ್ ರಾಮ್‌ಕಿ ಬ್ರೆಡ್ ಸುಡುವ ಟೋಸ್ಟರನ್ನೇ ಎಸ್‌ಎನ್‌ಎಂಪಿಗೆ ಕಟ್ಟಿ ದೂರದಿಂದ ಹೊತ್ತಿಸಿ ತೋರಿಸಿದರು. ನಗು ಬರುತ್ತದೆ, ಜೊತೆಗೆ ಸ್ವಲ್ಪ ಭಯವೂ. ಹಳೆಯ ಆವೃತ್ತಿಗಳಲ್ಲಿ ಬಾಗಿಲು ತೆರೆಯುವ ಗುಟ್ಟಿನ ಪದ ತಂತಿಯ ಮೇಲೆ ಬೆತ್ತಲೆಯಾಗಿ ಹೋಗುತ್ತದೆ, ಅದೂ ಎಷ್ಟೋ ಕಡೆ 'ಪಬ್ಲಿಕ್' ಎಂದೇ ಇರುತ್ತದೆ. ಗುಪ್ತಲಿಪಿಯ ಮೂರನೇ ಆವೃತ್ತಿ ಮಾನಕವಾಗಿ ಎರಡು ದಶಕ ದಾಟಿದರೂ ಹಳೆಯದನ್ನೇ ಓಡಿಸುವವರನ್ನು ಕಂಡರೆ ನನಗೆ ಸಿಟ್ಟು. ಅಳಿಯ ಮೂರನೆಯದಕ್ಕೆ ಬದಲಾಯಿಸಿದ್ದಾನೆ.

ನಡಿಗೆಯ ಕೊನೆಯ ಭಾಗ 1.3.6.1.4.1, ಖಾಸಗಿಯವರ ಬೀದಿ. ಸಿಸ್ಕೊ 9, ಎಚ್‌ಪಿ 11. ಅರ್ಜಿ ಹಾಕಿದ ಯಾರಿಗಾದರೂ ಇಲ್ಲಿ ದುಡ್ಡಿಲ್ಲದೆ ನಿವೇಶನ ಸಿಗುತ್ತದೆ, ನಂಬರುಗಳು ಅರವತ್ತು ಸಾವಿರ ದಾಟಿವೆ. ಅರ್ಜಿ ಹಾಕದವರಿಗೂ ಆಡಲು ಜಾಗವಿದೆ: ನೆಟ್-ಎಸ್‌ಎನ್‌ಎಂಪಿ ತಂಡ ತನ್ನ 8072ನೇ ನಿವೇಶನದಲ್ಲಿ 9999.9999 ಎಂಬ ಅಂಗಳ ಬಿಟ್ಟಿದೆ. ಭೂಗೋಳ ವಿಭಾಗದ ಮಾಳಿಗೆಯ ಮಳೆಮಾಪಕವನ್ನು ಅಳಿಯ ಒಂದು ಪುಟ್ಟ ಕಂಪ್ಯೂಟರಿಗೆ ಕಟ್ಟಿ ಆ ಅಂಗಳದಲ್ಲಿ ಕೂರಿಸಿದ್ದ. ಅಲ್ಲಿ ಉತ್ತರ ಹೇಳುವುದೂ ಸ್ಕ್ರಿಪ್ಟೇ. ಯಾರಾದರೂ ಬಂದು ಮುಂದಿನದು ಯಾವುದೆಂದು ಕೇಳಿದರೆ ಮೂರು ಸಾಲು ಬರೆದರಾಯಿತು: ವಿಳಾಸ, ಬೆಲೆಯ ಜಾತಿ, ಬೆಲೆ. ನಾವು ಕೇಳಿದಾಗ 684 ಎಂದು ಬಂತು. ನಾನು ಗಾಬರಿಯಾದೆ. "ಹತ್ತರಿಂದ ಭಾಗಿಸ್ಕೊಳ್ಳಿ ಮಾವ, ಇದರಲ್ಲಿ ದಶಾಂಶ ಕಳಿಸೋಕೆ ಬರಲ್ಲ. 68.4 ಮಿಲಿಮೀಟರು, ಬೆಳಿಗ್ಗೆ ಎಂಟೂವರೆಯಿಂದ ಈಚೆಗೆ" ಎಂದ.