ಪಾಳಿಗೂ ಒಂದು ಬೆಲೆ



ಈ ಬಾರಿಯ ವಿಷಯ ಕೆಲವರಿಗೆ ಹಗುರವೆನಿಸಬಹುದು. ಬೆಂಗಳೂರಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಜೆಗೆ ಮಕ್ಕಳನ್ನು ಮನರಂಜನಾ ಉದ್ಯಾನಕ್ಕೆ ಕರೆದೊಯ್ಯುವ ಮಾತು ಬಂದಾಗ ಫೋನಿನಲ್ಲಿ ಹೀಗೆ ಕೇಳಿದ: “ಸರ್, ರೊಕ್ಕ ಇದ್ದವರು ಹೆಚ್ಚಿಗೆ ಕೊಟ್ಟು ಪಾಳಿ ಬಿಟ್ಟು ಮುಂದ ಹೋದ್ರ ತಪ್ಪೇನ್ರೀ? ಪಾರ್ಕಿನವರೂ ಬದುಕಬೇಕಲ್ರೀ.” ಪ್ರಶ್ನೆ ನ್ಯಾಯವಾದದ್ದೇ. ಫೋನಿನಲ್ಲಿ ಎರಡು ಮಾತಿನಲ್ಲಿ ಮುಗಿಸುವಂಥದ್ದಲ್ಲ ಎಂದು ಇಲ್ಲಿ ಬರೆಯಲು ಕುಳಿತಿದ್ದೇನೆ.

ಮೊದಲು ಪದದ ವಿಚಾರ. ಮೈಸೂರು ಕಡೆಯವರು ‘ಸಾಲು’, ‘ಸರದಿ’ ಎನ್ನುವುದಕ್ಕೆ ನಮ್ಮ ತುರ್ವಿಹಾಳ, ಸಿಂಧನೂರು, ಮಸ್ಕಿಗಳಲ್ಲಿ ‘ಪಾಳಿ’ ಎನ್ನುತ್ತೇವೆ. ಪಡಿತರ ಅಂಗಡಿಯ ಮುಂದೆ ನಿಲ್ಲುವುದೂ ಪಾಳಿ, ಹಿಟ್ಟಿನ ಗಿರಣಿಯಲ್ಲಿ ಡಬ್ಬಿಗಳನ್ನು ಒಂದರ ಹಿಂದೆ ಒಂದು ಇಡುವುದೂ ಪಾಳಿ, ಹೊಲಕ್ಕೆ ಕಾಲುವೆಯ ನೀರು ಹಾಯಿಸಿಕೊಳ್ಳುವ ಹೊತ್ತೂ ಪಾಳಿ. ನಿಂತಿರುವ ಸಾಲು ಮತ್ತು ನಮಗೆ ಸಲ್ಲಬೇಕಾದ ಹಕ್ಕಿನ ಹೊತ್ತು ಎರಡಕ್ಕೂ ನಾವು ಬಳಸುವ ಪದ ಒಂದೇ. ‘ನನ್ನ ಪಾಳಿ ಬಂತು’ ಎಂದು ಹೇಳುವವನಿಗೆ ಅದನ್ನು ಯಾರೂ ಕಸಿಯಲಾರರು ಎಂಬ ಧೈರ್ಯವಿರುತ್ತದೆ.

ನಾನು ನೌಕರಿಗೆ ಸೇರಿದ ಕಾಲದಲ್ಲಿ ಶಾಲಾ ಪ್ರವಾಸವೆಂದರೆ ಹಂಪಿ, ತುಂಗಭದ್ರಾ ಅಣೆಕಟ್ಟು, ಐಹೊಳೆ, ಪಟ್ಟದಕಲ್ಲು, ಬಾದಾಮಿ. ಬುತ್ತಿ ಕಟ್ಟಿಕೊಂಡು ಹೋಗಿ, ಕಲ್ಲಿನ ರಥದ ಮುಂದೆ ನಿಂತು ಬರುತ್ತಿದ್ದೆವು. ಬಳಿಕ ಮಕ್ಕಳ ಬಾಯಲ್ಲಿ ಹೊಸ ಹೆಸರುಗಳು ಬಂದವು. ವಿ-ಗಾರ್ಡ್ ಸಂಸ್ಥೆಯನ್ನು ಕಟ್ಟಿದ ಕೊಚೌಸೇಫ್ ಚಿಟ್ಟಿಲಪ್ಪಿಳ್ಳಿಯವರು 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ತೆರೆದರು. 2005ರಲ್ಲಿ ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯ ಬಳಿ ವಂಡರ್‌ಲಾ ಆರಂಭವಾಯಿತು. 2016ರಲ್ಲಿ ಹೈದರಾಬಾದಿನಲ್ಲಿಯೂ ಅದರ ಉದ್ಯಾನ ತೆರೆಯಿತು. ಅತ್ತ ಬೆಂಗಳೂರು, ಇತ್ತ ಹೈದರಾಬಾದು. ನಮ್ಮ ಸೀಮೆಯ ಮಕ್ಕಳಿಗೆ ಎರಡೂ ದೂರವೇ, ಎರಡೂ ಕನಸೇ. ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು, ಬೆಳಿಗ್ಗೆ ಅಲ್ಲಿನ ಬಾಗಿಲು ತೆರೆಯುವ ಮೊದಲೇ ಹೋಗಿ ನಿಲ್ಲುವ ಉತ್ಸಾಹ ಅವರದು.

ಅಲ್ಲಿನ ದರಗಳ ವಿಚಾರದಲ್ಲಿ ನಾನು ಮಾಲೀಕರನ್ನು ಸುಮ್ಮನೆ ದೂರುವವನಲ್ಲ. ಜನರನ್ನು ತಲೆಕೆಳಗಾಗಿ ತಿರುಗಿಸುವ ಯಂತ್ರಕ್ಕೆ ಪ್ರತಿದಿನ ಪರೀಕ್ಷೆ ನಡೆಯಬೇಕು, ನೀರು ಶುದ್ಧವಾಗಿರಬೇಕು, ನೂರಾರು ಸಿಬ್ಬಂದಿಗೆ ಸಂಬಳವಾಗಬೇಕು. ತೆರಿಗೆಯೂ ಇದೆ: 2017ರ ಜುಲೈನಲ್ಲಿ ಜಿ.ಎಸ್.ಟಿ. ಬಂದಾಗ ಈ ಉದ್ಯಾನಗಳ ಪ್ರವೇಶಕ್ಕೆ ಶೇ. 28ರಷ್ಟು ತೆರಿಗೆ ಬಿತ್ತು. 2018ರ ಜನವರಿಯಲ್ಲಿ ಅದನ್ನು ಶೇ. 18ಕ್ಕೆ ಇಳಿಸಲಾಯಿತು. ಶಾಲೆಗಳು ನಡೆಯುವ ದಿನಗಳಲ್ಲಿ ಜನವಿಲ್ಲ, ರಜೆಯಲ್ಲಿ ಕಾಲಿಡಲು ಜಾಗವಿಲ್ಲ. ಹಾಗಾಗಿ ವಾರದ ದಿನಕ್ಕೊಂದು ದರ, ರಜಾದಿನಕ್ಕೊಂದು ದರ ಇಡುವುದನ್ನು ಒಪ್ಪಬಹುದು. ರಿಯಾಯಿತಿಯ ದಿನ ಹೋಗುವವನು ಹೋದಾನು. ಎಲ್ಲರಿಗೂ ಮೊದಲೇ ತಿಳಿದಿರುವ ಲೆಕ್ಕ ಅದು.

ಆದರೆ ಬಾಗಿಲಲ್ಲಿ ಚೀಟಿ ಮಾರಿದ ಮೇಲೆ ಒಳಗೆ ಇನ್ನೊಂದು ಚೀಟಿ ಮಾರುವುದು ಬೇರೆಯೇ ವಿಷಯ. ವಂಡರ್‌ಲಾದಲ್ಲಿ ‘ಫಾಸ್ಟ್‌ಟ್ರ್ಯಾಕ್’ ಎಂಬ ಹೆಸರಿನಲ್ಲಿ ಹೆಚ್ಚಿನ ಬೆಲೆಯ ಚೀಟಿಯಿದೆ. ಜಗತ್ತಿನ ಹಲವು ಉದ್ಯಾನಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿ ಇದೇ ಏರ್ಪಾಡು. ಅಮೆರಿಕದ ಡಿಸ್ನಿ ಉದ್ಯಾನಗಳ ಕಥೆ ಇಲ್ಲಿ ನೆನೆಯತಕ್ಕದ್ದು. 1999ರಲ್ಲಿ ಅವರು ‘ಫಾಸ್ಟ್‌ಪಾಸ್’ ತಂದಾಗ ಅದು ಉಚಿತ. ಒಳಗೆ ಬಂದ ಯಾರೇ ಆಗಲಿ ಯಂತ್ರದಿಂದ ಒಂದು ಚೀಟಿ ಪಡೆದು, ಅದರಲ್ಲಿ ನಮೂದಿಸಿದ ಹೊತ್ತಿಗೆ ಬಂದರೆ ಸಾಕಾಗಿತ್ತು. ಫ್ಲೋರಿಡಾದ ಮ್ಯಾಜಿಕ್ ಕಿಂಗ್‌ಡಮ್‌ನ ಒಂದು ದಿನದ ಪ್ರವೇಶ 2015ರಲ್ಲಿ 100 ಡಾಲರ್ ದಾಟಿತು. 2021ರ ಅಕ್ಟೋಬರ್‌ನಲ್ಲಿ ಉಚಿತ ಚೀಟಿಯ ಸ್ಥಾನಕ್ಕೆ ಹಣ ಕೊಟ್ಟು ಕೊಳ್ಳುವ ಚೀಟಿ ಬಂತು. 2024ರ ಅಕ್ಟೋಬರ್‌ನಲ್ಲಿ ಅದಕ್ಕೂ ಮೇಲಿನ ದರ್ಜೆಯದು ಬಂತು. ಎಲ್ಲರಿಗೂ ಹಂಚುತ್ತಿದ್ದದ್ದನ್ನು ಕೆಲವರಿಗೆ ಮಾರುವುದಕ್ಕೆ ಇಪ್ಪತ್ತೆರಡು ವರ್ಷ ಹಿಡಿಯಿತು.

ಎರಡು ವರ್ಷಗಳ ಹಿಂದೆ ನಮ್ಮ ಮನೆಯವರೆಲ್ಲ ಹೊರರಾಜ್ಯದ ಒಂದು ಉದ್ಯಾನಕ್ಕೆ ಹೋಗಿದ್ದೆವು. ಅದರ ಹೆಸರು ಇಲ್ಲಿ ಮುಖ್ಯವಲ್ಲ. ಹಿರಿಯ ಮಗ ನಗರದಲ್ಲಿ ಕಂಪನಿಯ ನೌಕರ. ಕಿರಿಯವನು ಊರಲ್ಲಿಯೇ ಇದ್ದು ಹೊಲ ನೋಡಿಕೊಳ್ಳುವವನು. ಒಳಗೆ ಹೋದಾಗ ಪಾಳಿ ಬಾಗಿಲವರೆಗೂ ಬಂದಿತ್ತು. ಹಿರಿಯವನು ಎಲ್ಲ ಮಕ್ಕಳಿಗೂ ಮುಂದೆ ಹೋಗುವ ಪಟ್ಟಿ ಕೊಳ್ಳುತ್ತೇನೆಂದ. ಕಿರಿಯವನು ನಯವಾಗಿಯೇ, “ಬ್ಯಾಡಣ್ಣ, ಬರೋವಾಗ ಬಸ್ಸಿಂದೂ ನೀನ ಕೊಟ್ಟೀದಿ. ನಮ್ಮವು ಪಾಳ್ಯಾಗ ಹೋಗ್ತಾವ” ಎಂದ. ಅಣ್ಣ ಒತ್ತಾಯಿಸಿದ, ತಮ್ಮ ಒಪ್ಪಲಿಲ್ಲ. ಕೊನೆಗೆ ಹಿರಿಯವನ ಮಗನ ಕೈಗೆ ಬಣ್ಣದ ಪಟ್ಟಿ ಬಂತು; ಕಿರಿಯವನ ಇಬ್ಬರು ಮಕ್ಕಳ ಕೈಗೆ ಇಲ್ಲ. ರಾತ್ರಿಯಿಡೀ ಒಂದೇ ಹೊದಿಕೆಯಲ್ಲಿ ಮಲಗಿ ಬಂದಿದ್ದ ಮೂವರು ಮಕ್ಕಳು ಎರಡು ಬೇರೆ ಬಾಗಿಲುಗಳಿಂದ ಹೋದರು.

ಮಧ್ಯಾಹ್ನದೊಳಗೆ ಹಿರಿಯ ಮೊಮ್ಮಗ ಆರೇಳು ಯಂತ್ರಗಳಲ್ಲಿ ಕುಳಿತು ಬಂದು ನನ್ನ ಪಕ್ಕದ ಕಲ್ಲು ಹಾಸಿನ ಮೇಲೆ ಕುಳಿತ. ಇನ್ನೊಮ್ಮೆ ಹೋಗಿ ಬಾ ಎಂದರೆ, “ಒಬ್ಬನೇ ಏನು ಹೋಗಲಿ ಅಜ್ಜಾ” ಎಂದ. ಅತ್ತ ಪಾಳಿಯಲ್ಲಿ ನಿಂತಿದ್ದವರಲ್ಲಿ ದೊಡ್ಡವಳು ಹನ್ನೊಂದರ ಹುಡುಗಿ. ಎತ್ತರದಿಂದ ನೀರಿಗೆ ಧುಮುಕುವ ದೋಣಿಯೊಂದನ್ನು ಆಕೆ ಮನೆಯಲ್ಲಿಯೇ ಮೊಬೈಲಿನಲ್ಲಿ ನೋಡಿ ಗುರುತಿಟ್ಟುಕೊಂಡು ಬಂದಿದ್ದಳು. ಅದರ ಮುಂದೆ ಒಂದೂವರೆ ಗಂಟೆ ನಿಂತಳು. ಅವಳ ಮುಂದಿನ ಹಗ್ಗ ಎಳೆದು ಪಕ್ಕದ ದಾರಿಯವರನ್ನು ಬಿಡುತ್ತಿದ್ದರು. ಮತ್ತೆ ಎಳೆದು ಮತ್ತೆ ಬಿಡುತ್ತಿದ್ದರು. ಸಂಜೆ ಮುಚ್ಚುವ ಹೊತ್ತಾಯಿತೆಂದು ಉಳಿದವರನ್ನು ಹಿಂದಕ್ಕೆ ಕಳಿಸಿದಾಗ ಆಕೆಯ ಮುಂದೆ ಇಪ್ಪತ್ತು ಜನರೂ ಇರಲಿಲ್ಲ. ಅವಳು ಅಳಲಿಲ್ಲ. ಬಸ್ಸಿನಲ್ಲಿ ನನ್ನನ್ನು ಕೇಳಿದ್ದು ಒಂದೇ: “ಅಜ್ಜಾ, ನಾವೂ ಚೀಟಿ ತಗೊಂಡಿದ್ವಲ್ಲ?”

ಆ ಪ್ರಶ್ನೆಗೆ ಉತ್ತರವನ್ನು ಕರಿಹಲಗೆಯ ಮೇಲಿನ ಲೆಕ್ಕದಂತೆಯೇ ಬಿಡಿಸಿ ನೋಡೋಣ. ಒಂದು ಯಂತ್ರದಲ್ಲಿ 24 ಆಸನಗಳು. ಮೂರು ನಿಮಿಷಕ್ಕೊಂದು ಸುತ್ತು. ಗಂಟೆಗೆ 20 ಸುತ್ತು, ಅಂದರೆ 480 ಜನ. ಪಾಳಿಯಲ್ಲಿ 480 ಜನರಿದ್ದರೆ ಕೊನೆಯವನು ಒಂದು ಗಂಟೆ ಕಾಯಬೇಕು. ಈಗ ಪ್ರತಿ ಸುತ್ತಿನಲ್ಲಿ 8 ಆಸನಗಳನ್ನು ಹೆಚ್ಚಿನ ಹಣ ಕೊಟ್ಟವರಿಗೆ ತೆಗೆದಿಡಿ. ಪಾಳಿಯವರಿಗೆ ಉಳಿದದ್ದು 16. ಗಂಟೆಗೆ 320 ಜನ. ಅದೇ ಕೊನೆಯವನು ಈಗ ಒಂದೂವರೆ ಗಂಟೆ ನಿಲ್ಲಬೇಕು. ಅರ್ಧ ಆಸನಗಳು ಹೋದರೆ ಎರಡು ಗಂಟೆ. ಯಂತ್ರ ಹೆಚ್ಚು ವೇಗವಾಗಿ ತಿರುಗಲಿಲ್ಲ, ಒಂದು ಆಸನವೂ ಹೊಸದಾಗಿ ಬರಲಿಲ್ಲ. ಉಳಿಸಿಕೊಂಡವನ ಹೊತ್ತು ನಿಂತವನ ಹೊತ್ತಿನಿಂದಲೇ ಬಂದದ್ದು. ಹಣ ಮಾತ್ರ ಇಬ್ಬರಿಗೂ ಸೇರದೆ ಮೂರನೆಯವನ ಪೆಟ್ಟಿಗೆಗೆ ಹೋಯಿತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ: ನಾಟಕ ಕಂಪನಿಗಳಲ್ಲಿ ಸೋಫಾ, ಖುರ್ಚಿ, ನೆಲ ಎಂಬ ದರ್ಜೆಗಳಿರಲಿಲ್ಲವೇ? ರೈಲಿನಲ್ಲಿ ಇಲ್ಲವೇ? ಇದ್ದವು, ಇವೆ. ಆದರೆ ಜಾತ್ರೆಯ ನಾಟಕದಲ್ಲಿ ಪರದೆ ಸರಿಯುತ್ತಿದ್ದದ್ದು ಎಲ್ಲರಿಗೂ ಒಂದೇ ಹೊತ್ತಿಗೆ. ಸೋಫಾದವನ ಮೆತ್ತೆ ನೆಲದವನ ನಾಟಕದಿಂದ ಒಂದು ದೃಶ್ಯವನ್ನೂ ಕಿತ್ತುಕೊಳ್ಳುತ್ತಿರಲಿಲ್ಲ. ಮೇಲ್ದರ್ಜೆಯ ರೈಲು ಡಬ್ಬಿ ಕೆಳದರ್ಜೆಯ ಡಬ್ಬಿಗಿಂತ ಮೊದಲು ಊರು ಮುಟ್ಟುವುದಿಲ್ಲ. ಸೌಕರ್ಯವನ್ನು ಮಾರುವುದು ಒಂದು. ಇನ್ನೊಬ್ಬನಿಗೆ ಒಮ್ಮೆ ಮಾರಿದ ಹೊತ್ತನ್ನು ಮತ್ತೊಬ್ಬನಿಗೆ ಮಾರುವುದು ಇನ್ನೊಂದು.

ಇದನ್ನು ನಮ್ಮವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ನಮ್ಮ ಸಿಂಧನೂರು ಸೀಮೆ ಭತ್ತದ ಕಣಜವಾಯಿತು. ಅದೇ ಕಾಲುವೆಯ ಕೊನೆಯ ಭಾಗದಲ್ಲಿರುವ ಮಾನ್ವಿ, ರಾಯಚೂರು ಕಡೆಯ ರೈತರು ನೀರಿಗಾಗಿ ರಸ್ತೆಗೆ ಬಂದು ಕುಳಿತದ್ದನ್ನು ವರ್ಷ ವರ್ಷವೂ ಕಂಡಿದ್ದೇವೆ. ಕಾಲುವೆಯಲ್ಲಿ ಹರಿಯುವುದು ಇಷ್ಟೇ ನೀರು. ಮೇಲ್ಭಾಗದಲ್ಲಿ ಪಾಳಿ ಮೀರಿ ಎತ್ತಿಕೊಂಡರೆ ಕೆಳಭಾಗದ ಪೈರು ಒಣಗುತ್ತದೆ. ಎತ್ತಿಕೊಂಡವನಿಗೆ ಆ ಒಣಗಿದ ಹೊಲ ಕಾಣುವುದಿಲ್ಲ, ಅಷ್ಟೇ.

ತೃಪ್ತಿಯ ಮಾತಿಗೆ ಬರೋಣ. ಡೇವಿಡ್ ಮೈಸ್ಟರ್ ಎಂಬ ವಿದ್ವಾಂಸರು 1985ರಲ್ಲಿ ಕಾಯುವಿಕೆಯ ಮನಃಶಾಸ್ತ್ರವನ್ನು ಕುರಿತು ಬರೆದರು. ಅವರ ಹಲವು ಸೂತ್ರಗಳಲ್ಲಿ ಒಂದು, ನ್ಯಾಯವಾದ ಕಾಯುವಿಕೆಗಿಂತ ಅನ್ಯಾಯದ ಕಾಯುವಿಕೆ ದೀರ್ಘವೆನಿಸುತ್ತದೆ ಎಂಬುದು. ಗಡಿಯಾರದಲ್ಲಿ ಅದೇ ಅರ್ಧ ಗಂಟೆಯಾದರೂ, ಕಣ್ಣೆದುರೇ ಒಬ್ಬ ದಾಟಿ ಹೋದರೆ ಅದು ಮುಕ್ಕಾಲು ಗಂಟೆಯಾಗುತ್ತದೆ. ಬೆಲೆಯೂ ಇದಕ್ಕೆ ಸೇರುತ್ತದೆ. ಪ್ರವೇಶ ಅಗ್ಗವಾಗಿದ್ದಾಗ ನಾಲ್ಕು ಆಟ ಆಡಿದರೂ ಮನಸ್ಸು ತುಂಬುತ್ತಿತ್ತು. ದರ ಏರಿದಂತೆ ತಂದೆಯಾದವನು ಮನಸ್ಸಿನಲ್ಲಿ ಭಾಗಾಕಾರ ಮಾಡತೊಡಗುತ್ತಾನೆ. 1500 ರೂಪಾಯಿಗೆ ಹತ್ತು ಆಟವಾದರೆ ಆಟಕ್ಕೆ 150. ಐದೇ ಆದರೆ 300. ಪಾಳಿ ಉದ್ದವಾದಷ್ಟೂ ಅವನು ಕೊಟ್ಟ ಬೆಲೆ ಏರುತ್ತಲೇ ಹೋಗುತ್ತದೆ. ಹೆಚ್ಚು ಕೊಟ್ಟವನಿಗಾದರೂ ನೆಮ್ಮದಿಯೇ? ಇಷ್ಟು ಕೊಟ್ಟಿದ್ದೇನೆ, ಒಂದನ್ನೂ ಬಿಡಬಾರದು ಎಂದು ಮಕ್ಕಳನ್ನು ಯಂತ್ರದಿಂದ ಯಂತ್ರಕ್ಕೆ ಓಡಿಸುತ್ತಾನೆ. ಮಾಲೀಕನಿಗೂ ಒಂದು ಅಪಾಯವಿದೆ. ಸಾಮಾನ್ಯ ಪಾಳಿ ಬೇಗ ಸಾಗಿದರೆ ಬೇರೆ ಚೀಟಿಯನ್ನು ಯಾರು ಕೊಳ್ಳುತ್ತಾರೆ? ಕಾಯುವಿಕೆಯೇ ಸರಕಾದ ಮೇಲೆ ಅದನ್ನು ಕಡಿಮೆ ಮಾಡುವ ಆಸಕ್ತಿ ಮೆಲ್ಲಗೆ ಕುಗ್ಗುತ್ತದೆ.

ಉದ್ಯಾನ ಬಿಡಿ, ದೇವಸ್ಥಾನಗಳಲ್ಲಿಯೇ ಇದೆಯಲ್ಲ ಎಂದು ನೀವು ಕೇಳಬಹುದು. ತಿರುಪತಿಯಲ್ಲಿ 300 ರೂಪಾಯಿಯ ವಿಶೇಷ ಪ್ರವೇಶ ದರ್ಶನವಿದೆ. ವರ್ಷಕ್ಕೊಮ್ಮೆ ಮಾತ್ರ ಬಾಗಿಲು ತೆರೆಯುವ ಹಾಸನಾಂಬೆಯ ದರ್ಶನಕ್ಕೂ ಇತ್ತೀಚಿನ ವರ್ಷಗಳಲ್ಲಿ 300 ಮತ್ತು 1000 ರೂಪಾಯಿಯ ಚೀಟಿಗಳಿದ್ದವು. ಭಕ್ತರ ಮನಸ್ಸನ್ನು ನೋಯಿಸಲಾರೆ. ಆ ಹಣದಿಂದ ಸೇವಾಕಾರ್ಯಗಳು ನಡೆಯಬಹುದು. ಆದರೂ ಇದನ್ನೆಲ್ಲ ನೋಡುತ್ತ ಬೆಳೆಯುವ ಮಗು ಪಾಳಿಯೆಂದರೆ ಹಣವಿಲ್ಲದವರು ನಿಲ್ಲುವ ಜಾಗ ಎಂದು ತಿಳಿದುಕೊಳ್ಳುವುದಿಲ್ಲವೇ? ನನಗಿರುವ ಚಿಂತೆ ಅದು.

ಹಿಂದೆ ಎಲ್ಲವೂ ಸಮನಾಗಿತ್ತೆಂದು ನಾನು ಹೇಳಲಾರೆ. ನನ್ನ ಬಾಲ್ಯದಲ್ಲಿ ಜಾತ್ರೆಯ ತೊಟ್ಟಿಲಿನ ಬಳಿ ಊರಿನ ದೊಡ್ಡವರ ಮಕ್ಕಳು ಬಂದರೆ ಉಳಿದವರು ಇಳಿದು ನಿಲ್ಲಬೇಕಿತ್ತು. ಬಾವಿಯ ಬಳಿ ಕೆಲವರಿಗೆ ಪಾಳಿಯೇ ಇರಲಿಲ್ಲ; ಯಾರಾದರೂ ಸೇದಿ ಹಾಕುವವರೆಗೆ ದೂರದಲ್ಲಿ ಕೊಡ ಹಿಡಿದು ನಿಲ್ಲುತ್ತಿದ್ದರು. ಪಾಳಿ ಎಂಬುದು ಆ ಅವಸ್ಥೆಯನ್ನು ಮೀರಿ ಬಂದ ಸಂಪತ್ತು. 2002ರಲ್ಲಿ ಅಕ್ಷರ ದಾಸೋಹ ರಾಜ್ಯದಲ್ಲಿ ಮೊದಲು ಆರಂಭವಾದದ್ದು ನಮ್ಮ ರಾಯಚೂರೂ ಸೇರಿದಂತೆ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ. ಆಗ ತಟ್ಟೆ ಹಿಡಿದು ನಿಂತ ನಿಮ್ಮಲ್ಲಿ ಕೆಲವರು ಇಂದು ಇದನ್ನು ಓದುತ್ತಿದ್ದೀರಿ. ಯಾರ ಮಗ, ಯಾವ ಓಣಿ ಎಂದು ಕೇಳದೆ, ಮೊದಲು ಬಂದವನಿಗೆ ಮೊದಲು ಬಡಿಸುತ್ತಿದ್ದೆವು. ನಾನು ಕಲಿಸಿದ ವ್ಯಾಕರಣಕ್ಕಿಂತ ಆ ಪಾಳಿ ಕಲಿಸಿದ್ದು ಹೆಚ್ಚೆಂದು ನಂಬಿದ್ದೇನೆ.

ಮುಂದೆ ಬಿಡುವುದು ನಮ್ಮಲ್ಲಿಯೂ ಇದೆ. ಗಿರಣಿಗೆ ಕೂಸು ಎತ್ತಿಕೊಂಡು ಬಂದವಳಿಗೆ, ದವಾಖಾನೆಯಲ್ಲಿ ಜ್ವರದಿಂದ ನಡುಗುವವನಿಗೆ, ಕಾಲಿಲ್ಲದವನಿಗೆ ‘ನೀವು ಮೊದಲು ಹೋಗ್ರಿ’ ಎನ್ನುತ್ತೇವೆ. ಅಲ್ಲಿ ಬಿಟ್ಟುಕೊಡುವವರು ಪಾಳಿಯಲ್ಲಿ ನಿಂತವರೇ. ಆದ್ದರಿಂದಲೇ ಯಾರ ಮನಸ್ಸೂ ಕಹಿಯಾಗುವುದಿಲ್ಲ.

ಈಗ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ. ಕೊಳ್ಳುವವನು ಪಾಪಿಯಲ್ಲಪ್ಪ, ಒಂದೇ ದಿನದ ರಜೆ ಸಿಕ್ಕವನ ಅವಸರ ನನಗೆ ಅರ್ಥವಾಗುತ್ತದೆ. ತಿದ್ದಬೇಕಾದದ್ದು ಏರ್ಪಾಡನ್ನು. ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿ ಬಾಗಿಲಲ್ಲಿಯೇ ನಿಜವಾದ ಬೆಲೆ ಹೇಳಲಿ. ಹೊತ್ತು ನಮೂದಿಸಿದ ಚೀಟಿಯನ್ನು ಎಲ್ಲರಿಗೂ ಉಚಿತವಾಗಿ ಕೊಡಲಿ. ಅದು ಸಾಧ್ಯವೆಂದು 1999ರಲ್ಲಿಯೇ ತೋರಿಸಿಯಾಗಿದೆ. ಮಾರಲೇಬೇಕೆಂದರೆ ನೆರಳಿನ ಆಸನ, ಒಳ್ಳೆಯ ಊಟ, ವಾಹನ ನಿಲ್ಲಿಸಲು ಹತ್ತಿರದ ಜಾಗ ಮಾರಲಿ. ನೀವು ನಿಮ್ಮ ಮಟ್ಟಿಗೆ ಮಾಡಬಹುದಾದದ್ದೂ ಇದೆ: ಶಾಲೆಯಿಂದಲೋ ಬಂಧುಗಳೊಡನೆಯೋ ಗುಂಪಾಗಿ ಹೋಗುವಾಗ ಜನ ಕಡಿಮೆಯಿರುವ ವಾರದ ದಿನ ಆರಿಸಿಕೊಳ್ಳಿ, ಚೀಟಿ ಯಾವುದೇ ಇರಲಿ, ಗುಂಪಿನ ಎಲ್ಲ ಮಕ್ಕಳಿಗೂ ಒಂದೇ ಬಗೆಯದಿರಲಿ, ಅದನ್ನು ಮನೆಯಿಂದ ಹೊರಡುವ ಮೊದಲೇ ದೊಡ್ಡವರು ಕುಳಿತು ತೀರ್ಮಾನಿಸಿಕೊಳ್ಳಿ. ನಿಮ್ಮಲ್ಲಿ ಜಾತ್ರಾ ಸಮಿತಿಗಳಲ್ಲಿ, ಶಾಲಾ ಸಮಿತಿಗಳಲ್ಲಿ ಇರುವವರು ಇದನ್ನು ಸ್ವಲ್ಪ ಯೋಚಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಭಿನ್ನಾಭಿಪ್ರಾಯವಿದ್ದವರು ಸಂಕೋಚವಿಲ್ಲದೆ ತಿಳಿಸಿರಿ. ತರಗತಿಯಲ್ಲಿ ಕೈಯೆತ್ತಿದವರನ್ನು ನಾನೆಂದೂ ಗದರಿಸಿದವನಲ್ಲ. ಎಲ್ಲರಿಗೂ ಒಳ್ಳೆಯದಾಗಲಿ.